ಖಾಲಿಯಾಗಿ ಬಂದ ಡಬ್ಬಿ

ನಮ್ರತಾಳ ಬಲಗೈಯ ನಾಲ್ಕು ಬೆರಳು ಲಿಫ್ಟಿನ ಜಾಲರಿ ಬಾಗಿಲಿಗೆ ಸಿಕ್ಕಿ ತುಂಡಾಗಿ ಎರಡು ವರ್ಷವಾಗಿತ್ತು. ಜಾದವ್‌ಪುರದಲ್ಲಿ ಅವರು ವಾಸವಿದ್ದ ಹಳೇ ಕಟ್ಟಡದ ಆ ಲಿಫ್ಟನ್ನು ಯಾರೂ ಎಂದೂ ತಪಾಸಣೆ ಮಾಡಿರಲಿಲ್ಲ. ಅಂದಿನಿಂದ ತಾಯಿ ಇಂದಿರಾಳಿಗೆ ಒಂದೇ ಹಂಬಲ: ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಲೇಬೇಕೆಂಬ ಕಾನೂನು ಬರಬೇಕು, ಇನ್ನೊಂದು ಮಗುವಿಗೆ ಹೀಗಾಗಬಾರದು.

ಮಸೂದೆ ಬರೆದವರು ವಿರೋಧ ಪಕ್ಷದ ಶಾಸಕಿ ಶೇಫಾಲಿ. ಸಮಿತಿಯಲ್ಲಿ ಅದನ್ನು ದಾಟಿಸಬೇಕಾದವರು ಆಳುವ ಪಕ್ಷದ ತಪತಿ. ಸದನದಲ್ಲಿ ಇಬ್ಬರೂ ಹಾವು ಮುಂಗುಸಿ. ಆದರೆ ಒಂದು ಕಾಲಕ್ಕೆ ಹಾಸ್ಟೆಲಿನಲ್ಲಿ ಒಂದೇ ಸೊಳ್ಳೆಪರದೆಯೊಳಗೆ ಮಲಗಿದ ಗೆಳತಿಯರು. ಅರ್ಜಿ ಹಿಡಿದು ಎರಡೂ ಮನೆಗೆ ಅಲೆದ ಇಂದಿರಾಳಿಗೆ ಅದು ತಿಳಿದಿತ್ತು. ಪಕ್ಷದವರಿಂದ ಆ ಗೆಳೆತನವನ್ನು ಮುಚ್ಚಿಟ್ಟಿದ್ದಾರೆಂದು ಮಾತ್ರ ಯಾರೂ ಹೇಳಿರಲಿಲ್ಲ.

ದುರ್ಗಾಪೂಜೆ ಮುಗಿದು, ಬಂಗಾಳಿಗಳು ಮನೆಮನೆಗೆ ಹೋಗಿ ಸಿಹಿ ಹಂಚುವ ಬಿಜೊಯಾ ದಿನಗಳು. ಇಂದಿರಾ ಡಬ್ಬಿಯಲ್ಲಿ ಕೊಬ್ಬರಿ ಮಿಠಾಯಿ ಒಯ್ದು ಶೇಫಾಲಿಗೆ ಕೊಟ್ಟಳು.

"ನಿಮ್ಮ ಕನ್ನಡದವರ ಕಡೆ ಡಬ್ಬಿ ಖಾಲಿ ವಾಪಸ್ ಕಳಿಸಲ್ಲ ಅಲ್ವಾ?" ಎಂದು ನಕ್ಕ ಶೇಫಾಲಿ ಅದಕ್ಕೆ ಬೆಲ್ಲದ ತೆಂಗಿನುಂಡೆ ತುಂಬಿದರು. "ತಪತಿಗೆ ಕೊಡು. ಜಗಳಗಂಟಿ, ಇದಕ್ಕೆ ಪ್ರಾಣ ಬಿಡ್ತಾಳೆ. ನಾನಂತೂ ಹೋಗೋ ಹಾಗಿಲ್ಲ."

ತಪತಿಯ ಮನೆಯ ತುಂಬ ಪಕ್ಷದ ಜನ. ಇಂದಿರಾ ನಡುವೆ ದಾರಿ ಮಾಡಿಕೊಂಡು ಹೋದಳು.

"ಶುಭೋ ಬಿಜೊಯಾ ದೀದಿ. ಶೇಫಾಲಿ ದೀದಿ ಕಳಿಸಿದಾರೆ. ನಿಮಗಿಷ್ಟ ಅಂತ ಬೆಲ್ಲದ್ದೇ."

ಜಿಲ್ಲಾ ಮುಖಂಡ ಬಸು ಬಾಬು ಚಹಾ ಕೆಳಗಿಟ್ಟರು.

"ಓಹೋ! ಬೀದೀಲಿ ಅವರ ಕೈಲಿ ಏಟು ತಿನ್ನೋದು ನಾವು, ಉಂಡೆ ತಿನ್ನೋದು ದೀದಿ! ಆ ಲಿಫ್ಟ್ ಮಸೂದೆ ಮೇಲೆ ಯಾಕಿಷ್ಟು ಪ್ರೀತಿ ಅಂತ ಈಗ ಗೊತ್ತಾಯ್ತು."

ತಪತಿ ಇಂದಿರಾಳ ಮುಖ ನೋಡಲಿಲ್ಲ. ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ಕಸದ ಬುಟ್ಟಿಗೆ ಬೋರಲು ಹಾಕಿ, ಖಾಲಿ ಮಾಡಿ ಅವಳ ಕೈಗಿಟ್ಟರು.

"ಆ ಹೆಂಗಸಿಗೂ ನನಗೂ ಏನೂ ಸಂಬಂಧ ಇಲ್ಲ. ಹೋಗು."

ಗುರುವಾರ ಸಮಿತಿಯಲ್ಲಿ ಮಸೂದೆ ಬಿತ್ತು. ಎಲ್ಲರಿಗಿಂತ ಜೋರಾಗಿ ವಿರೋಧಿಸಿದವರು ತಪತಿಯೇ. ಸುದ್ದಿ ತಿಳಿಸಲು ಶೇಫಾಲಿ ಫೋನ್ ಮಾಡಿದರು.

"ಅವಳಿಗೆ ಬೇರೆ ದಾರಿ ಇರಲಿಲ್ಲ ಇಂದಿರಾ," ಎಂದರು. "ಒಬ್ಬಳೇ ಇದ್ದಾಗ ಕೊಡು ಅಂತ ನಾನು ಹೇಳಬೇಕಿತ್ತು."

ಮರುದಿನ ಶಾಲೆಯ ಹೊತ್ತಿಗೆ ಇಂದಿರಾ ಒಲೆ ಆರಿಸಿ ಹೋಗಿ ಲಿಫ್ಟಿನ ಬಳಿ ನಿಂತಳು.

"ಅಮ್ಮಾ, ಇನ್ಮೇಲೆ ಎವ್ರಿ ಡೇ ಹೀಗೇ ನಿಲ್ತೀಯಾ?" ಮೆಟ್ಟಿಲಿಳಿಯುತ್ತಿದ್ದ ನಮ್ರತಾ ಕೇಳಿದಳು. ಅವಳು ಲಿಫ್ಟು ಹತ್ತುವುದಿಲ್ಲ.

ಲಿಫ್ಟಿನೊಳಗೆ ಮೂರನೇ ಮಹಡಿಯ ಪುಟ್ಟ ಮೈತ್ರಿ ಜಾಲರಿಗೆ ಬೆರಳು ಸಿಕ್ಕಿಸಿ ನಿಂತಿದ್ದಳು.

"ಕೈ ಒಳಗೆ, ಕಂದಾ," ಎಂದು ಇಂದಿರಾ ಒಂದೊಂದೇ ಬೆರಳು ಬಿಡಿಸತೊಡಗಿದಳು.