ದಿನಾ ನಡೆಯುವ ಹಾಗೆ

"ಚೀರಕ್ಕಾ, ದಿನಾ ಹೆಂಗೆ ನಡೀತೀರೋ ಹಂಗೇ ನಡೀರಿ," ಎಂದಳು ಚಂದನಾ.

ಇಷ್ಟೇ ತಾನೆ ಎಂದುಕೊಂಡ ಚೀರು, ಮೂಲೆಯಲ್ಲಿ ಕೂತಿದ್ದ ಮಗಳು ಸರಿತಳ ಮುಂದೆ ಕುಕ್ಕರಿಸಿ, ಅವಳನ್ನು ಬೆನ್ನಿಗೇರಿಸಿಕೊಂಡೇ ಬಂದುಬಿಟ್ಟಳು! ನಡೆಯುವಾಗ ಮನುಷ್ಯರ ಮೊಣಕಾಲು ಎಷ್ಟು ಭಾರ ತಡೆಯುತ್ತದೆಂದು ಲೆಕ್ಕ ಹಾಕಲು ಮೈಸೂರಿನಿಂದ ಗಡಿಯಾಚೆಯ ನೂಲ್ಪುಳದ ಈ ಕಾಡಿನ ಹಾಡಿಗೆ ಬಂದವಳು ಚಂದನಾ. ಅಂಗನವಾಡಿಯ ನೆಲಕ್ಕೆ ಭಾರ ಅಳೆಯುವ ಹಲಗೆ ಹಾಸಿ, ಸುತ್ತ ಕ್ಯಾಮೆರಾ ನಿಲ್ಲಿಸಿ, ಅವು ಗುರುತು ಹಿಡಿಯಲೆಂದು ಚೀರುವಿನ ಕಾಲಿಗೆ ಮಿಂಚುವ ಗುಂಡಿಗಳನ್ನು ಅಂಟಿಸಿದ್ದಳು.

"ಅಯ್ಯೋ, ಮಗೂನ ಇಳಿಸಿ ಅಕ್ಕಾ."

"ದಿನಾ ಹಿಂಗೇ ಅಲ್ವಾ ಟೀಚರೇ ನಾ ನಡಿಯಾದು?"

ಸುಳ್ಳೇನಲ್ಲ. ಹುಟ್ಟಿದಾಗಿನಿಂದ ಸರಿತಳ ಕಾಲಿನಲ್ಲಿ ಬಲವಿಲ್ಲ. ಬೇರು ಕಲ್ಲುಗಳ ಕಾಡುದಾರಿಯಲ್ಲಿ ಗಾಲಿಕುರ್ಚಿ ಹೋಗುವುದುಂಟೇ? ಶಾಲೆಯ ಜೀಪು ನಿಲ್ಲುವ ರಸ್ತೆಯವರೆಗೂ ಅವ್ವನ ಬೆನ್ನೇ ಗತಿ. ಹುಡುಗಿ ಈಗ ಏಳನೇ ಕ್ಲಾಸು, ಮೈ ತುಂಬಿಕೊಳ್ಳುತ್ತಿದ್ದಾಳೆ. ಚೀರುವಿನ ಮೊಣಕಾಲೋ, ಮಳೆಗಾಲದಿಂದ ಊದಿಕೊಂಡೇ ಇತ್ತು.

ಚಂದನಾ ಎರಡು ಬಗೆಯಲ್ಲೂ ನಡೆಸಿದಳು, ಮಗಳನ್ನು ಇಳಿಸಿ ಒಮ್ಮೆ, ಹೊರಿಸಿ ಒಮ್ಮೆ. ಕಂಪ್ಯೂಟರಿನಲ್ಲಿ ಮೂಳೆಯ ಕಾಲೊಂದು ಚೀರುವಿನ ಹಾಗೆಯೇ ನಡೆಯಿತು. ಮಗಳನ್ನು ಹೊತ್ತಾಗ ಅದರ ಮಂಡಿ ಕೆಂಪಗಾಯಿತು.

"ಬರೀ ನಡೆದ್ರೇ ಮಂಡಿ ಮೇಲೆ ಮೈತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತೆ. ಇನ್ನು ಹೊತ್ತು ನಡೆದ್ರೆ..." ಚಂದನಾ ದನಿ ತಗ್ಗಿಸಿದಳು. "ಹಿಂಗೇ ಆದ್ರೆ ಈ ಮಂಡಿ ಉಳಿಯಲ್ಲ ಅಕ್ಕಾ."

ಚೀರು ನಕ್ಕು, ಕಾಲಿನ ಗುಂಡಿಗಳನ್ನು ಒಂದೊಂದಾಗಿ ಕಿತ್ತುಕೊಟ್ಟಳು. ಸರಿತ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ ಹುಡುಗಿ ಯೂನಿಫಾರ್ಮ್ ಮುಟ್ಟಲಿಲ್ಲ. "ನಾ ಸ್ಕೂಲಿಗೆ ಹೋಗಲ್ಲ ಅವ್ವಾ. ನಂಗಿಷ್ಟ ಇಲ್ಲ."

ಶಾಲೆಯೆಂದರೆ ಪ್ರಾಣ ಬಿಡುವವಳು, ರಜೆ ಬಂದರೆ ಮುಖ ಬಾಡಿಸುವವಳು, ಇಷ್ಟ ಇಲ್ಲವಂತೆ! ಯಾಕೆಂದು ಚೀರುವಿಗೆ ತಿಳಿಯದೇ? ಬೈಯಲಿಲ್ಲ, ಗೋಗರೆಯಲಿಲ್ಲ. ತಾನೇ ಯೂನಿಫಾರ್ಮ್ ತೊಡಿಸಿ, ಮಗಳ ಮುಂದೆ ಬೆನ್ನು ಕೊಟ್ಟು ಕುಕ್ಕರಿಸಿದಳು.

"ಎದ್ದೋಗವ್ವಾ."

"ಇಲ್ಲ."

ಸರಿತ ಮುಖ ತಿರುಗಿಸಿಕೊಂಡಳು. ಚೀರು ಕದಲಲಿಲ್ಲ. ಮಡಚಿದ ಮಂಡಿ ಉರಿಯತೊಡಗಿತು. ಹಣೆಯಲ್ಲಿ ಬೆವರೊಡೆಯಿತು, ತೊಡೆ ನಡುಗಿತು. ಆದರೂ ಹಾಗೇ ಕೂತಳು, ಹಠಮಾರಿ ಹೆಂಗಸು.

"ನೋಯ್ತದೆ ಅಲ್ವಾ ಅವ್ವಾ?" ಕೊನೆಗೆ ಸರಿತ ಇತ್ತ ತಿರುಗಿದಳು.

"ನೋಯ್ತದೆ ಮೋಳೇ. ಕೂತಷ್ಟೂ ನೋಯ್ತದೆ."

ಸರಿತ ಅಳುತ್ತಲೇ ಎರಡೂ ಕೈ ಚಾಚಿ ಅವ್ವನ ಕೊರಳು ತಬ್ಬಿದಳು. ಚೀರು ಮಗಳನ್ನು ಬೆನ್ನಿಗೇರಿಸಿಕೊಂಡು, ಗೋಡೆ ಹಿಡಿದು ಎದ್ದಳು.