ತುಂಬಿದ ಬಸ್ಸಿನ ಬೆಲೆ

ನನ್ನ ಎಡಗಣ್ಣು ಕೈಕೊಟ್ಟಾಗ ಡಾಕ್ಟರು ಭುಜ ತಟ್ಟಿ, "ಇನ್ನೊಂದು ಚೆನ್ನಾಗಿದೆಯಲ್ಲ, ಬೇಜಾರು ಮಾಡ್ಕೋಬೇಡಿ" ಅಂದರು. ಅವರ ಮಾತು ಸುಳ್ಳಲ್ಲ. ಒಂದು ಕಣ್ಣಿದ್ದರೆ ಪೇಪರ್ ಓದಬಹುದು, ತರಕಾರಿ ಹೆಚ್ಚಬಹುದು, ಬೇಕಾದರೆ ಜಗಳವನ್ನೂ ಆಡಬಹುದು. ಜನರನ್ನು ಕೂರಿಸಿಕೊಂಡು ಬಸ್ಸು ಮಾತ್ರ ಓಡಿಸುವ ಹಾಗಿಲ್ಲ. ನನಗೆ ಬರುತ್ತಿದ್ದದ್ದು ಅದೊಂದೇ ಕೆಲಸ.

ಡಿಪೋದವರು ಒಂದಿಷ್ಟು ಪರಿಹಾರದ ಹಣ ಕೊಟ್ಟು, ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲಿ ನನ್ನನ್ನು ಕೂರಿಸಿದರು. ಪ್ರಯಾಣಿಕರು ಬಸ್ಸಿನಲ್ಲಿ ಮರೆತು ಹೋದ ಸಾಮಾನುಗಳನ್ನು ಇಡುವ ಕೋಣೆ ಅದು. ಕೊಡೆ, ನೀರಿನ ಬಾಟಲಿ, ಒಂಟಿ ಚಪ್ಪಲಿ, ಒಮ್ಮೆ ಒಂದು ಹಲ್ಲಿನ ಸೆಟ್ಟು. ಬಂದವರು ತಮ್ಮ ವಸ್ತು ಎತ್ತಿಕೊಂಡು, ನನ್ನ ಮುಖವನ್ನೂ ನೋಡದೆ ಹೋಗುತ್ತಾರೆ. ಹಲ್ಲಿನ ಸೆಟ್ಟಿನವರಂತೂ ಈ ಕಡೆ ತಲೆ ಹಾಕಲೇ ಇಲ್ಲ. ಅವರಿಗೂ ಮರ್ಯಾದೆ ಇರುತ್ತದಲ್ಲ. ಯಾರೂ ಬಾರದ ದಿನ ನೊಣ ಹೊಡೆಯುತ್ತಾ ಕೂರುತ್ತೇನೆ. ಆ ಕೋಣೆಯಲ್ಲಿ ನೊಣಗಳೂ ಕಡಿಮೆ.

ನಾನು ಮದುವೆಯಾಗಲಿಲ್ಲ. ಮುಂಜಾನೆ ಪಾಳಿ, ಸಂಜೆ ಪಾಳಿ ಅಂತ ಬಸ್ಸಿನ ತುಂಬಾ ಜನರನ್ನು ಹೊತ್ತು ತಿರುಗುತ್ತಿದ್ದಾಗ, ಮನೆಯಲ್ಲಿ ಯಾರೂ ಇಲ್ಲದಿರುವುದೇ ಸುಖ ಅನ್ನಿಸುತ್ತಿತ್ತು. ಬಾಗಿಲು ತೆಗೆದರೆ ಸದ್ದಿಲ್ಲ, ಆಹಾ ಅಂತ ಕಾಲು ಚಾಚುತ್ತಿದ್ದೆ. ಈಗಲೂ ಬಾಗಿಲು ತೆಗೆದರೆ ಸದ್ದಿಲ್ಲ. ಆಹಾ ಅನ್ನುವುದು ಮಾತ್ರ ನಿಂತುಹೋಗಿದೆ.

ಅಕ್ಕನ ಮಗಳು ಹೊಸ ಕಂಪ್ಯೂಟರು ತಗೊಂಡಾಗ ಹಳೆಯದನ್ನು ನನ್ನ ಮನೆಯಲ್ಲಿ ತಂದಿಟ್ಟಳು. ಅದರಲ್ಲಿ ಬಸ್ಸು ಓಡಿಸುವ ಆಟವೊಂದನ್ನು ಹಾಕಿ, "ಮಾಮ, ಸುಮ್ನೆ ನೋಡಿ, ಬೇಡ ಅಂದ್ರೆ ತೆಗೀತೀನಿ" ಅಂದಳು. ನನಗೆ ನಗು ಬಂತು. ಹಸಿದವನಿಗೆ ಊಟದ ಫೋಟೋ ಕೊಟ್ಟ ಹಾಗಾಯಿತು ಅಂದುಕೊಂಡೆ. ಆದರೆ ಆ ವಾರದ ಕೊನೆಗೆ ನಾನೇ ಹೋಗಿ ಮೇಜಿಗೆ ಕಚ್ಚಿಸುವ ಸ್ಟೀರಿಂಗು ತಂದಿದ್ದೆ. ಆಟ ಮಾಡಿದವರು ಯಾರೋ, ಬಸ್ಸನ್ನು ಬಲ್ಲವರು. ಬ್ರೇಕಿನ ಗಾಳಿ ಬಿಡುವ ಸದ್ದು, ಬಾಗಿಲು ಮಡಚುವ ರೀತಿ, ತಿರುವಿನಲ್ಲಿ ಹಿಂಭಾಗ ತೂಗುವುದು, ಎಲ್ಲ ಸರಿಯಾಗಿತ್ತು. ಜನ ಮಾತ್ರ ಇರಲಿಲ್ಲ.

ಇರಲೇ ಇಲ್ಲ ಅಂತಲ್ಲ. ಸ್ಟಾಪಿನಲ್ಲಿ ಕೆಂಪು ಅಂಗಿಯವನೊಬ್ಬ, ಚೀಲ ಹಿಡಿದ ಹೆಂಗಸೊಬ್ಬಳು. ಮುಂದಿನ ಸ್ಟಾಪಿಗೆ ಹೋದರೆ ಮತ್ತದೇ ಕೆಂಪು ಅಂಗಿ. ಅಷ್ಟು ದೊಡ್ಡ ಬಸ್ಸು, ಖಾಲಿ ಸೀಟು. ನನ್ನ ಕೋಣೆಗಿಂತ ಕಡೆ.

ಕಂಪ್ಯೂಟರ್ ಅಂಗಡಿಯ ಹೆಂಗಸನ್ನು ನಾನು ರಿಪೇರಿಯಮ್ಮ ಅಂತಲೇ ಕರೆಯುವುದು. ಆಕೆಯ ಬಾಯಿ ಸ್ಕ್ರೂ ಡ್ರೈವರಿನಷ್ಟೇ ಚೂಪು. ಪೆಟ್ಟಿಗೆ ಬಿಚ್ಚಿ ನೋಡಿ, "ಗ್ರಾಫಿಕ್ಸ್ ಕಾರ್ಡ್ ಅಜ್ಜನ ಕಾಲದ್ದು ಸಾರ್. ಪರದೆ ಮೇಲೆ ಕಾಣೋದನ್ನೆಲ್ಲ ಬಿಡಿಸೋದು ಇದೇ. ಒಬ್ಬೊಬ್ಬ ಮನುಷ್ಯನೂ ಇದಕ್ಕೆ ಭಾರ. ಅದಕ್ಕೇ ಜನ ಕಡಿಮೆ ಅಂತ ಸೆಟ್ ಮಾಡಿದಾರೆ. ಜಾಸ್ತಿ ಮಾಡಿದ್ರೆ ಬಸ್ಸೇ ನಿಂತೋಗುತ್ತೆ" ಅಂದಳು.

"ಜನ ಹತ್ತಿದ್ರೆ ನಿಲ್ಲೋದು ಅದ್ಯಾವ ಬಸ್ಸಮ್ಮಾ?"

"ಬಸ್ಸು ತುಂಬಬೇಕು ಅಂದ್ರೆ ದೊಡ್ಡ ಕಾರ್ಡ್ ಬೇಕು" ಅಂತ ಬೆಲೆ ಹೇಳಿದಳು. ನಾನು ಒಳ್ಳೆಯ ಕಣ್ಣನ್ನೂ ಮುಚ್ಚಿಕೊಂಡೆ. ಪರಿಹಾರದ ಹಣ ಹೆಚ್ಚುಕಡಿಮೆ ಪೂರ್ತಿ ಅದಕ್ಕೇ ಹೋಗುತ್ತಿತ್ತು.

ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಹೇಳಬಾರದಿತ್ತು.

"ನಿನಗೆ ತಲೆ ನೆಟ್ಟಗಿದ್ಯಾ? ಆಟದ ಸಾಮಾನಿಗೆ ಅಷ್ಟೊಂದು ದುಡ್ಡಾ? ನಾಳೆ ಆ ಇನ್ನೊಂದು ಕಣ್ಣಿಗೂ ಹೆಚ್ಚುಕಮ್ಮಿ ಆದ್ರೆ ಏನು ಮಾಡ್ತೀಯ? ಆ ಪರದೆ ಜನ ಬಂದು ನಿನ್ನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರಾ?"

ಅಕ್ಕ ಹೇಳುವುದು ಯಾವಾಗಲೂ ಸರಿಯೇ. ಅದಕ್ಕೇ ಆಕೆಯ ಹತ್ತಿರ ಮಾತು ಬೇಗ ಮುಗಿಯುತ್ತದೆ. ಡಾಕ್ಟರೂ ಅದನ್ನೇ ಹೇಳಿದ್ದರು, ಬಲಗಣ್ಣಿನ ಮೇಲೆ ನಿಗಾ ಇರಲಿ, ಕೈಯಲ್ಲಿ ಒಂದಿಷ್ಟು ಹಣ ಇರಲಿ ಅಂತ. ಇದೆಲ್ಲ ಗೊತ್ತಿದ್ದೂ ನಾನು ಶನಿವಾರ ಮಧ್ಯಾಹ್ನ ಅಂಗಡಿಗೆ ಹೋದೆ. ನೋಡಿದರೆ ದುಡ್ಡು ಕೊಡಬೇಕಾಗಿಲ್ಲವಲ್ಲ.

ರಿಪೇರಿಯಮ್ಮ ಆ ಕಾರ್ಡನ್ನು ತನ್ನ ಮೇಜಿನ ಮಷೀನಿಗೆ ಹಾಕಿ ಇಟ್ಟಿದ್ದಳು. "ಒಂದೇ ಪೀಸ್ ಇರೋದು. ಸಂಜೆ ಇನ್ನೊಬ್ರು ಬರ್ತಾರೆ. ಅಂಗಡಿ ಮುಚ್ಚೋದ್ರೊಳಗೆ ಹೇಳಿಬಿಡಿ, ನಾನೇ ಫೋನ್ ಮಾಡ್ತೀನಿ" ಅಂತ ಎಚ್ಚರಿಸಿ, ಅದೇ ಬಸ್ಸಿನ ಆಟ ಹಾಕಿ ಅಂಗಡಿಯ ಸ್ಟೀರಿಂಗಿನ ಮುಂದೆ ಕೂರಿಸಿದಳು. ಆಟದ ಸೆಟ್ಟಿಂಗಿನಲ್ಲಿ ಜನ ಎಷ್ಟಿರಬೇಕು ಅನ್ನುವ ಗೆರೆಯನ್ನು ಕೊನೆಯವರೆಗೂ ಎಳೆದಳು.

ಮೊದಲ ಸ್ಟಾಪಿಗೆ ಬಂದವನು ಬ್ರೇಕು ಒತ್ತಿ ಹಾಗೇ ಕೂತುಬಿಟ್ಟೆ. ಸ್ಟಾಪು ತುಂಬಿ ರಸ್ತೆಗೆ ಇಳಿದಿದ್ದರು. ಮುದುಕರು, ಮಕ್ಕಳನ್ನು ಎತ್ತಿಕೊಂಡವರು, ಆಫೀಸಿನವರು, ಯಾರೋ ಒಬ್ಬ ಇಷ್ಟೆತ್ತರದ ಪೆಟ್ಟಿಗೆ ಹಿಡಿದವನು. ಇವನನ್ನು ಹತ್ತಿಸಿಕೊಂಡರೆ ಮುಂದಿನ ಸ್ಟಾಪಿನಲ್ಲಿ ಜಗಳ ಗ್ಯಾರಂಟಿ ಅಂತ ಅಭ್ಯಾಸಬಲದಿಂದ ಯೋಚಿಸಿದೆ. ಬಾಗಿಲು ತೆರೆದೆ. ಹತ್ತಿದರು, ಹತ್ತಿದರು, ಹತ್ತುತ್ತಲೇ ಇದ್ದರು. ಮೇಲಿನ ಕನ್ನಡಿಯಲ್ಲಿ ತಲೆಗಳೇ ತಲೆಗಳು. ನನಗಾದ ಸಂತೋಷವನ್ನು ಹೇಳಲು ನಾಚಿಕೆ ಏಕೆ? ಎದೆ ತುಂಬಿ ಬಂತು. ಅಕ್ಕನ ಮಾತು, ಡಾಕ್ಟರ ಮಾತು ಎಲ್ಲ ಕೆಳಗಿಳಿದು ಹೋದವು.

"ಪ್ಯಾಕ್ ಮಾಡ್ಲಾ ಸಾರ್?" ಅಂದಳು ರಿಪೇರಿಯಮ್ಮ. ನನ್ನ ಮುಖ ನೋಡಿಯೇ ಆಕೆಗೆ ವ್ಯಾಪಾರ ಗೊತ್ತಾಗಿತ್ತು.

"ತಡಿಯಮ್ಮಾ, ಹೊರಡ್ತೀನಿ ಮೊದಲು."

ಹೊರಡುವ ಮುಂಚೆ ಪಕ್ಕದ ಕನ್ನಡಿ ನೋಡುವುದು ನನ್ನ ರಕ್ತದಲ್ಲಿದೆ. ನೋಡಿದರೆ ಹಿಂದಿನಿಂದ ಒಬ್ಬ ಓಡಿ ಬರುತ್ತಿದ್ದಾನೆ. ನನ್ನ ಹಳೆಯ ಕಾರ್ಡಿನಲ್ಲಿ ಯಾರೂ ಓಡಿದ್ದೇ ಇಲ್ಲ. ನಾನು ಬಾಗಿಲ ಗುಂಡಿಯಿಂದ ಬೆರಳು ತೆಗೆದೆ. ಓಡಿ ಬರುವವರನ್ನು ಬಿಟ್ಟು ಹೋಗುವ ಡ್ರೈವರು ನಾನಲ್ಲ. ಇದಕ್ಕಾಗಿ ಲೇಟಾಗಿ, ಕಂಟ್ರೋಲರ್ ಹತ್ತಿರ ಬೈಸಿಕೊಂಡದ್ದು ಎಷ್ಟೋ ಸಲ. ಕಾದೆ. ಅವನು ಬಾಗಿಲ ಹತ್ತಿರ ಬಂದ. ಹತ್ತಲಿಲ್ಲ. ಬಸ್ಸನ್ನು ದಾಟಿ ಓಡುತ್ತಲೇ ಮೂಲೆಯಲ್ಲಿ ತಿರುಗಿದ. ಏನೋ ಮರೆತಿರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಅದೇ ಅಂಗಿ, ಅದೇ ಓಟ, ಮತ್ತೆ ಹಿಂದಿನಿಂದ. ಮತ್ತೆ ಕಾದೆ.

"ಯಾಕೆ ನಿಂತ್ರಿ ಸಾರ್?"

"ಬರ್ತಿದಾನಲ್ಲ ಪಾಪ."

ರಿಪೇರಿಯಮ್ಮ ಬಗ್ಗಿ ನೋಡಿದಳು. ನಗಲಿಲ್ಲ. ಆಕೆ ನಕ್ಕಿದ್ದರೆ ವಾಸಿಯಿತ್ತು. "ಅವನು ಹತ್ತೋದಿಲ್ಲ ಸಾರ್. ಬೀದಿ ತುಂಬಿದ ಹಾಗೆ ಕಾಣ್ಲಿ ಅಂತ ಇಟ್ಟಿರೋದು. ಅಲ್ಲೇ ಸುತ್ತು ಹೊಡೀತಿರ್ತಾನೆ."

ನಾನು ಮೇಲಿನ ಕನ್ನಡಿ ನೋಡಿದೆ. ಅಷ್ಟು ಹೊತ್ತು ನಿಲ್ಲಿಸಿದ್ದೇನೆ, ಬಸ್ಸು ತುಂಬಿ ತುಳುಕುತ್ತಿದೆ, ಒಬ್ಬರೂ ತುಟಿ ಪಿಟಕ್ ಅನ್ನಲಿಲ್ಲ. ಒಬ್ಬನೂ ವಾಚು ನೋಡಲಿಲ್ಲ. ಒಬ್ಬಳೂ ಮುಖ ಗಂಟಿಕ್ಕಲಿಲ್ಲ. ನಿಜವಾದ ಬಸ್ಸಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ನನ್ನ ವಂಶವನ್ನೆಲ್ಲ ಜಾಲಾಡಿಬಿಡುತ್ತಿದ್ದರು. ನಾಳೆ ಬೆಳಗಿನ ತನಕ ನಿಲ್ಲಿಸಿದರೂ ಈ ಜನ ಹೀಗೇ ನೇರ ನೋಡುತ್ತಾ ಕೂರುತ್ತಾರೆ ಅನ್ನಿಸಿ ಸ್ಟೀರಿಂಗಿನಿಂದ ಕೈ ತೆಗೆದೆ. ಸಂಜೆ ಹೇಳುತ್ತೇನೆ ಅಂತ ಎದ್ದು ಬಂದೆ.

ಮನೆಗೆ ಬಂದರೂ ಮನಸ್ಸು ತೂಗುಯ್ಯಾಲೆ. ಬೈಯದಿದ್ದರೆ ಏನಾಯಿತು, ತಲೆಗಳಾದರೂ ಇದ್ದವಲ್ಲ ಅಂತ ಒಂದು ಸಲ. ಬಲಗಣ್ಣಿನ ದುಡ್ಡು ಕೊಟ್ಟು ಎಡಗಣ್ಣಿಗೆ ಬೊಂಬೆ ಕೊಳ್ಳುತ್ತೀಯಾ ಅಂತ ಇನ್ನೊಂದು ಸಲ. ಹೊರಗೆ ದೀಪ ಹತ್ತುವ ಹೊತ್ತಾಯಿತು. ರಿಪೇರಿಯಮ್ಮನ ಫೋನು ಯಾವ ಗಳಿಗೆಯಲ್ಲಾದರೂ ಬರಬಹುದು. ಯಾರನ್ನಾದರೂ ಒಂದು ಮಾತು ಕೇಳೋಣ ಅಂದರೆ ಕೇಳುವಂಥವರು ಯಾರಿದ್ದಾರೆ? ಕೊನೆಗೆ ಸೀಟಿ ಅನ್ನುವ ಗೆಳೆಯನಿಗೆ ಫೋನು ಮಾಡಿದೆ.

ಸೀಟಿ ನನ್ನ ಬಸ್ಸಿನ ಕಂಡಕ್ಟರು. ನನ್ನದಾಗಿದ್ದ ಬಸ್ಸಿನ ಕಂಡಕ್ಟರು ಅನ್ನಬೇಕು. ಅವನು ಸೀಟಿ ಊದಿದರೆ ಸತ್ತವರೂ ಎದ್ದು ಟಿಕೆಟ್ ಕೇಳಬೇಕು, ಅದಕ್ಕೇ ಆ ಹೆಸರು. ಮೊದಮೊದಲು ಡಿಪೋದ ಕೋಣೆಗೆ ಬಂದು ಮಾತಾಡಿಸಿ ಹೋಗುತ್ತಿದ್ದ. ಆಮೇಲೆ ಅವನ ಪಾಳಿ ಬದಲಾಯಿತು. ಅವನಿಗೆ ಹೊಸ ಡ್ರೈವರು ಸಿಕ್ಕಿದ್ದ.

"ಏನಪ್ಪಾ, ಬದುಕಿದ್ದೀಯಾ?" ಅಂದ.

"ಅರ್ಧ. ನೀನೆಲ್ಲಿದ್ದೀಯ?"

"ಎಲ್ಲಿರ್ತೀನಿ, ಬಸ್ಸಲ್ಲೇ. ಕಡೇ ಸ್ಟಾಪಲ್ಲಿದೀವಿ, ಇನ್ನೇನು ಹೊರಡಬೇಕು. ಏನಾದ್ರೂ ತೊಂದ್ರೇನಾ?"

ಕಾರ್ಡಿನ ವಿಷಯ ಬಾಯಿಗೆ ಬಂತು, ಅಲ್ಲೇ ನಿಂತಿತು. ಅವನ ಹಿಂದೆ ಯಾರೋ, "ಸ್ವಲ್ಪ ಸರೀರಿ, ಕಾಲ್ ತುಳೀತಿದೀರಾ" ಅನ್ನುತ್ತಿದ್ದರು.

"ಜನ ಇದಾರಾ?" ಅಂದೆ.

"ಇದಾರಾ ಅಂತ ಕೇಳ್ತೀಯಲ್ಲ! ಉಸಿರಾಡೋಕೆ ಜಾಗ ಇಲ್ಲ. ಯಾಕೆ?"

"ಫೋನ್ ಕಟ್ ಮಾಡಬೇಡ. ಹಾಗೇ ಮೇಲಿನ ಜೇಬಿಗೆ ಹಾಕ್ಕೋ."

ಅವನು ನನ್ನನ್ನು ಕಿಚಾಯಿಸದೆ ಒಂದು ದಿನವೂ ಬಿಟ್ಟವನಲ್ಲ. ಈಗ ಕಿಚಾಯಿಸಿದ್ದರೆ ನಾನೂ ನಕ್ಕು ಮಾತು ತೇಲಿಸಿಬಿಡುತ್ತಿದ್ದೆ.

"ಆಯ್ತು, ಬ್ಯಾಟರಿ ಇರೋ ತನಕ ಇರ್ಲಿ ಬಿಡು" ಅಂದ, ಮೆತ್ತಗೆ.

ಬಟ್ಟೆ ಉಜ್ಜಿದ ಸದ್ದು. ಆಮೇಲೆ ಸೀಟಿ, ಕಿವಿ ಹರಿದುಹೋಗುವ ಹಾಗೆ. ಎಂಜಿನ್ನು ಗುಟುರು ಹಾಕಿತು. ಹೊಸ ಡ್ರೈವರು ಗೇರು ಹಾಕುವುದು ಕೇಳಿ ಹಲ್ಲು ಕಡಿದೆ, ಪುಣ್ಯಾತ್ಮ ಕಲ್ಲು ಅರೆಯುತ್ತಿದ್ದ. ಚಿಲ್ಲರೆಗೆ ವಾದ ಶುರುವಾಯಿತು. ಮಗುವೊಂದು ಅತ್ತಿತು. ಯಾರೋ ಫೋನಿನಲ್ಲಿ, ಇನ್ನೂ ಬಸ್ಸೇ ಹತ್ತಿಲ್ಲ ಅಂತ ಹೆಂಡತಿಗೆ ಸುಳ್ಳು ಹೇಳುತ್ತಿದ್ದ. ಅದನ್ನು ಕೇಳಿ ಪಕ್ಕದವರು ನಕ್ಕರು. ನಾನೂ ನಕ್ಕೆ, ಕತ್ತಲಾಗುತ್ತಿದ್ದ ಕೋಣೆಯಲ್ಲಿ, ಒಬ್ಬನೇ.

ನಡುವೆ ಕಿವಿಯಲ್ಲಿ ಟಿಂವ್ ಅಂತ ಸದ್ದು ಬಂತು. ನೋಡಿದರೆ ರಿಪೇರಿಯಮ್ಮನ ಕರೆ. ಅದನ್ನು ಎತ್ತಲು ಹೋಗಿ ಇದು ಕಟ್ಟಾದರೆ, ಸೀಟಿ ಜೇಬಿನಿಂದ ಫೋನು ತೆಗೆದು ಮತ್ತೆ ಮಾಡುವುದಿಲ್ಲ. ಹೆಬ್ಬೆರಳು ಪರದೆಯ ಮೇಲೆ ಸ್ವಲ್ಪ ಹೊತ್ತು ನಿಂತಿತ್ತು. ಬೆರಳು ತೆಗೆದುಬಿಟ್ಟೆ. ಟಿಂವ್ ಟಿಂವ್ ಅಂದು ಅದು ನಿಂತುಹೋಯಿತು. ಅಂಗಡಿ ಮುಚ್ಚುವ ಮುಂಚೆ ಇನ್ನೊಂದು ಸಲ ಅಂದಿತು, ಆಗಲೂ ಎತ್ತಲಿಲ್ಲ. ಇನ್ನು ಆ ಕಾರ್ಡು ಬೇರೆಯವರ ಮನೆಗೇ. ಹೊಟ್ಟೆ ಉರಿಯಿತು, ಉರಿಯಲಿಲ್ಲ ಅಂದರೆ ಸುಳ್ಳಾಗುತ್ತದೆ.

ಅಷ್ಟರಲ್ಲಿ ಬಸ್ಸು ಒಂದು ಸ್ಟಾಪಿನಲ್ಲಿ ನಿಂತಿತು. ನಿಂತದ್ದು ಹೊರಡಲಿಲ್ಲ.

"ಏನ್ರೀ ಡ್ರೈವರ್, ಇಲ್ಲೇ ಮನೆ ಮಾಡ್ಕೊಂಡಿರ್ತೀರಾ?" ಹೆಂಗಸೊಬ್ಬಳ ದನಿ. "ನಮಗೂ ಮನೆಗೆ ಹೋಗೋದಿದೆ, ಗೊತ್ತಾಯ್ತಾ?"

"ಹೌದ್ರೀ, ಎಷ್ಟು ಹೊತ್ತು ನಿಲ್ಸ್ತೀರಿ?" ಅಂತ ಇನ್ನೊಬ್ಬ. ಆಮೇಲೆ ಎಲ್ಲರೂ. ಹೊಸ ಡ್ರೈವರು ಪಕ್ಕದ ಕನ್ನಡಿಯಲ್ಲಿ ಏನು ನೋಡುತ್ತಿದ್ದಾನೆ ಅನ್ನುವುದು ಆ ಬಸ್ಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

"ಬರ್ತಿದಾರಮ್ಮಾ, ಒಂದು ನಿಮಿಷ" ಅಂದೆ ನಾನು, ಕುರ್ಚಿಯಲ್ಲಿ ಮುಂದೆ ಬಾಗಿ, ಜೋರಾಗಿಯೇ. ಜೇಬಿನೊಳಗಿನ ನನ್ನ ದನಿ ಆ ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಮೆಟ್ಟಿಲ ಮೇಲೆ ಕಾಲ ಸದ್ದು. ಏದುಸಿರು.

"ನಿಲ್ಸಿದ್ರಲ್ಲ ಅಣ್ಣಾ, ತುಂಬಾ ಥ್ಯಾಂಕ್ಸ್" ಅಂದಿತು ಯಾರದೋ ಎಳೆಯ ದನಿ.

ನನಗೆ ಹೇಳಿದ್ದಲ್ಲ. ಎರಡು ಕಣ್ಣಲ್ಲೂ ನೀರು ಬಂತು. ಸೀಟಿ ಊದಿದ, ಬಸ್ಸು ಹೊರಟಿತು.