ರೆಕ್ಕೆಯ ಹೊಟ್ಟೆಗೆ ಒಂದು ರೊಟ್ಟಿ

"ರೊಟ್ಟೀನಾ? ವಿಮಾನದ ರೆಕ್ಕೆ ಒಳಗೆ ರೊಟ್ಟಿ ಇಟ್ಟಿದ್ದೀರಾ? ತಲೆ ನೆಟ್ಟಗಿದೆಯೇನ್ರೀ ನಿಮಗೆ?"

"ನೆಟ್ಟಗೈತಿ. ಮೊದಲ ನಿಮ್ಮದು ನೋಡ್ಕೋರಿ."

ನಾಲ್ಕು ಜನರೊಳಗೆ ಇರುವಾಗ ಮಾಲತಿ ತನ್ನ ನವಲಗುಂದದ ಮಾತನ್ನು ಮಡಿಚಿಟ್ಟು ಬೆಂಗಳೂರಿನವರ ಹಾಗೆ ಮಾತಾಡುತ್ತಿದ್ದಳು. ಸಿಟ್ಟು ಬಂತೆಂದರೆ ಆ ಮಡಿಕೆ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು.

ಎದುರಿಗೆ ನಿಂತಿದ್ದ ಬಾಲಚಂದ್ರ ಸ್ವೀಡನ್ನಿನ ಟೋರ್ಸ್‌ಲಾಂಡದ ಕಾರಿನ ಫ್ಯಾಕ್ಟರಿಯಲ್ಲಿ ಎಂಜಿನಿಯರ್, ಅವಳ ಗಂಡನ ಸಹೋದ್ಯೋಗಿ. ಶನಿವಾರ ಬಂದರೆ ಈ ಶೆಡ್ಡಿನಲ್ಲಿ ಹಳೆಯ ವಿಮಾನ ದುರಸ್ತಿ ಮಾಡುವ ಹವ್ಯಾಸಿಗಳಿಗೆ ಅವನೇ ಮೇಸ್ತ್ರಿ. ರೆಕ್ಕೆಗೆ ಬಟ್ಟೆ ಹೊಲಿಯುವವರು ಸಿಗದೆ ಒದ್ದಾಡುತ್ತಿದ್ದಾಗ, ಮಾಲತಿ ಕೌದಿ ಹೊಲಿಯುತ್ತಾಳೆಂದು ಕೇಳಿ ಕರೆತಂದವನೂ ಅವನೇ.

ಆ ಬೆಳಿಗ್ಗೆ ಇಬ್ಬರು ಸೇರಿ ರೆಕ್ಕೆಯನ್ನು ಮಗುಚುವಾಗ ಒಳಗೆ ಏನೋ ಗಲಗಲ ಎಂದಿತ್ತು. ಯಾರೋ ಸ್ಪ್ಯಾನರ್ ಬಿಟ್ಟಿದ್ದಾರೆಂದು ಬಾಲಚಂದ್ರ ಉಪಕರಣದ ಡಬ್ಬಿಯಲ್ಲಿದ್ದುದನ್ನೆಲ್ಲ ಹೊರಗೆ ಸುರಿದು ನೋಡಿದ. ಒಂದೂ ಕಡಿಮೆ ಇರಲಿಲ್ಲ. ಆಗ ಮಾಲತಿ, "ಅದು ರೊಟ್ಟಿ" ಎಂದಿದ್ದಳು.

ಅವಳ ಊರಿನಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ ಇಡುತ್ತಾರೆ. ಕೌದಿಯ ಹೊಟ್ಟೆ ಖಾಲಿ ಇರಬಾರದು. ತಾನೇ ಹಸಿದದ್ದು ಹೊದ್ದವರನ್ನು ಹೇಗೆ ಬೆಚ್ಚಗಿಟ್ಟೀತು? ಈ ರೆಕ್ಕೆಯಾದರೂ ಏನು? ಮರದ ಪಕ್ಕೆಲುಬು, ಮೇಲೆ ಕೆಳಗೆ ಬಟ್ಟೆ, ದಬ್ಬಣ, ಮೇಣ ಹಚ್ಚಿದ ದಾರ. ಏಳು ಶನಿವಾರ ಬೆನ್ನು ಬಗ್ಗಿಸಿ ಹೊಲಿದ ಕೈ ಕೊನೆಯ ಮೂಲೆಗೆ ಬಂದಾಗ ಯಾರನ್ನೂ ಕೇಳದೆ ತನ್ನ ರೂಢಿಯ ಕೆಲಸ ಮಾಡಿ ಮುಗಿಸಿತ್ತು.

"ನಾಳೆ ವಾರ್ನಿಷ್ ಬಳೀಬೇಕು, ಮಾಲತಿಯವ್ರೇ. ಸಂಡೇ ಬಿಟ್ಟು ಸಂಡೇ ಇಲ್ಲೇ ಈ ರೆಕ್ಕೆಯ ಎಕ್ಸಿಬಿಷನ್. ಜನ ಮುಟ್ಟಿದ್ರೆ ಒಳಗೆ ಗಲಗಲ ಅನ್ನುತ್ತೆ! ಇಲಿ ಬಂದ್ರೆ? ನಿಮ್ಮನ್ನ ಕರ್ಕೊಂಡು ಬಂದು ನನ್ನ ಮರ್ಯಾದೆ ಹೋಯ್ತು." ಅವನು ಮೇಜಿನ ಮೇಲಿದ್ದ ಬ್ಲೇಡು ಎತ್ತಿಕೊಂಡ. "ಪೂರ್ತಿ ಬಿಚ್ಚಿಸ್ತೀನಿ. ಹೊಸ ಬಟ್ಟೆ ಅಂಟಿಸ್ತೀವಿ. ನೀವಿನ್ನು ಬರೋದು ಬೇಡ."

ಈ ದೇಶಕ್ಕೆ ಬಂದ ಮೂರು ವರ್ಷದಲ್ಲಿ 'ನಿಮಗೆ ಏನು ಬರುತ್ತದೆ' ಎಂದು ಕೇಳಿದವರೆಲ್ಲ ಮಾಲತಿಯ ಹತ್ತನೇ ಕ್ಲಾಸಿನ ಸರ್ಟಿಫಿಕೇಟ್ ನೋಡಿ ಬಾಯಿ ಮುಚ್ಚಿಕೊಂಡಿದ್ದರು. ಇವಳ ಕೈಗೆ ಬೆಲೆ ಬಂದದ್ದು ಈ ರೆಕ್ಕೆಯ ಮೇಲೆ ಮಾತ್ರ.

"ಹರೀರಿ ನೋಡೂಣು. ನನ್ನ ಕೈ ಹರದ ಆಮ್ಯಾಲೆ ಅದನ್ನ ಹರೀರಿ," ಎಂದು ರೆಕ್ಕೆಗೆ ಅಡ್ಡ ನಿಂತಳು.

"ಏನು ಜಗಳ?" ಗೋಡೆಯ ಪಕ್ಕದ ಮಡಿಚುವ ಕುರ್ಚಿಯಿಂದ ಸ್ವೀಡಿಷ್‌ನಲ್ಲಿ ದನಿ ಬಂತು.

ಅವಳು ಹಲೀನಾ, ಎಪ್ಪತ್ತೈದು ವರ್ಷದ ಮುದುಕಿ. ಯುದ್ಧ ಶುರುವಾದಾಗ ಉಕ್ರೇನಿನ ಖಾರ್ಕಿವ್ ಬಿಟ್ಟು ಬಂದವಳು, ಸ್ವೀಡಿಷ್ ಕಲಿಸುವ ತರಗತಿಯಲ್ಲಿ ಮಾಲತಿಯ ಪಕ್ಕದ ಬೆಂಚಿನವಳು. ಇಬ್ಬರಿಗೂ ಸೇರಿ ಇನ್ನೂರು ಮಾತು ಬರುತ್ತಿದ್ದವು, ಅಷ್ಟರಲ್ಲೇ ಬೇಕಾದಷ್ಟು ಹರಟುತ್ತಿದ್ದರು. ಶೆಡ್ಡಿನಲ್ಲಿದ್ದದ್ದು ಎಂಬತ್ತು ವರ್ಷದ ಹಿಂದಿನ ದೊಡ್ಡ ಯುದ್ಧದಲ್ಲಿ ಸೋವಿಯತ್ ಹುಡುಗಿಯರು ರಾತ್ರಿ ಬಾಂಬು ಹಾಕಲು ಒಯ್ಯುತ್ತಿದ್ದ ಜಾತಿಯ ವಿಮಾನ. ಹಲೀನಾಳ ತಾಯಿ ಅಂಥ ಹುಡುಗಿಯರ ದಳದಲ್ಲಿ ಮೆಕ್ಯಾನಿಕ್ ಆಗಿದ್ದಳು. ವಿಷಯ ಗೊತ್ತಾದ ದಿನದಿಂದ ಹಲೀನಾ ಪ್ರತಿ ಶನಿವಾರ ಬಂದು, ಯಾರದೋ ದಾರಿ ಕಾಯುವವಳಂತೆ ಆ ಕುರ್ಚಿಯಲ್ಲಿ ಕೂರುತ್ತಿದ್ದಳು.

ಮಾಲತಿ ತನ್ನ ಸ್ವೀಡಿಷ್‌ನಲ್ಲಿ ಹೇಳಿದಳು: "ರೊಟ್ಟಿ. ಒಳಗೆ. ನಾನು ಇಟ್ಟೆ. ವಿಮಾನ ಹಸಿಯಬಾರದು."

ಹಲೀನಾ ಕುರ್ಚಿಯಿಂದ ಎದ್ದಳು. ಬಂದು ಬ್ಲೇಡು ಹಿಡಿದ ಬಾಲಚಂದ್ರನ ಮಣಿಕಟ್ಟಿನ ಮೇಲೆ ಕೈಯಿಟ್ಟಳು.

"ಅಮ್ಮ ನೆಲದ ಮೇಲೆ," ಎಂದಳು. "ಬಾಂಬು ಕಟ್ಟುವುದು, ರೆಕ್ಕೆಯ ತೂತು ಹೊಲಿಯುವುದು. ಗೆಳತಿ ಪೈಲಟ್. ಒಂದು ರಾತ್ರಿ ಏಳು ಸಲ ಹೋಗಿ ಬಂದಳು. ಕೆಳಗೆ ಇಳಿಯಲಿಲ್ಲ, ಸೀಟಿನಲ್ಲೇ ಕೂತು ಕೇಳಿದಳು, ರೊಟ್ಟಿ ಇದೆಯಾ? ಅಮ್ಮನ ಜೇಬಿನಲ್ಲಿ ಇತ್ತು. ಅಮ್ಮನ ಕೈ ತುಂಬ ಎಣ್ಣೆ, ಹೊತ್ತಿಲ್ಲ. ಹೋಗಿ ಬಾ, ಆಮೇಲೆ ಕೊಡ್ತೀನಿ, ಅಂದಳು."

ಹಲೀನಾ ಎಂಟು ಬೆರಳು ತೋರಿಸಿ, ಮಡಿಚಿದಳು.

"ಎಂಟನೆಯ ಸಲ ಬರಲಿಲ್ಲ. ಅಮ್ಮ ಸಾಯುವ ದಿನವೂ ಕೇಳಿದಳು, ಅವಳು ತಿಂದಳಾ ಅಂತ."

ಬಾಲಚಂದ್ರ ಬ್ಲೇಡನ್ನು ಮೇಜಿನ ಮೇಲಿಟ್ಟ. ಕೆಮ್ಮಿದ. ಕನ್ನಡಕ ತೆಗೆದು ಒರೆಸಿದ.

ಅಷ್ಟು ಹೊತ್ತಿಗೆ ಮಾಲತಿಯ ಸಿಟ್ಟೂ ಇಳಿದಿತ್ತು. "ಸರ್, ರೊಟ್ಟಿ ಚೀಲದಾಗ ಹಾಕಿ ಇಟ್ಟೇನಿ. ಆ ಚೀಲಕ್ಕ ಟಾಕಿ ಹಾಕೋದು ಮರ್ತೆ. ಅದಕ್ಕ ಗಲಗಲ ಅಂತೈತಿ. ಅದು ನನ್ನ ತಪ್ಪು." ಆ ಕೊನೆಯ ಮಾತು ಅವಳ ಬಾಯಿಂದ ಹಲ್ಲು ಕಿತ್ತ ಹಾಗೆ ಬಂತು.

"ಎಷ್ಟು ಹೊಲಿಗೆ ಬಿಚ್ಬೇಕಾಗುತ್ತೆ?"

"ನಾಕ."

"ನಾಲ್ಕೇನಾ?"

"ಹೂಂ. ನಾಕ ಟಾಕಿ ಸಲುವಾಗಿ ಇಡೀ ರೆಕ್ಕಿ ಹರೀಲಿಕ್ಕೆ ಹೊಂಟಿದ್ರಿ."

"ಮೊದಲೇ ಹೇಳೋದಲ್ವೇನ್ರೀ!"

"ನೀವು ಬಾಯಿ ಬಿಡಾಕ ಬಿಟ್ರೇನು?"

ಬಾಲಚಂದ್ರನಿಗೆ ನಗು ತಡೆಯಲಾಗಲಿಲ್ಲ. ತಾನೇ ದೀಪ ಹತ್ತಿರ ಹಿಡಿದ. ಮಾಲತಿ ಮೂಲೆಯ ನಾಲ್ಕು ಹೊಲಿಗೆ ಬಿಚ್ಚಿ, ಬೆರಳು ತೂರಿಸಿ ಹಳೆಯ ಸೀರೆಯಂಚಿನ ಪುಟ್ಟ ಚೀಲವನ್ನು ಈಚೆಗೆಳೆದಳು. ಒಳಗೆ ಎಳ್ಳು ಹಚ್ಚಿದ ಖಡಕ್ ಸಜ್ಜೆ ರೊಟ್ಟಿಯ ಚೂರು. ಹಲೀನಾ ಅಂಗೈ ಚಾಚಿದಳು. ರೊಟ್ಟಿಯನ್ನು ಎರಡು ಮಾಡಿ, ಒಂದನ್ನು ಬಾಯಿಗಿಟ್ಟು ನಿಧಾನವಾಗಿ ಅಗಿದಳು.

"ಉಪ್ಪಿಲ್ಲ," ಎಂದಳು.

"ಸಜ್ಜಿ ರೊಟ್ಟಿಗೆ ಉಪ್ಪು ಹಾಕೂದಿಲ್ಲಬೇ," ಎಂದು ಮಾಲತಿ ಕನ್ನಡದಲ್ಲೇ ಹೇಳಿದಳು. ಹಲೀನಾ ತಲೆಯಾಡಿಸಿದಳು.

ಉಳಿದ ಅರ್ಧವನ್ನು ಮುದುಕಿ ತನ್ನ ಕೈಯಿಂದಲೇ ಚೀಲಕ್ಕೆ ಹಾಕಿದಳು. ಮಾಲತಿ ಚೀಲವನ್ನು ಪಕ್ಕೆಲುಬಿಗೆ ಬಿಗಿದು ಟಾಕಿ ಹಾಕಿ, ಮೂಲೆ ಮುಚ್ಚಿ, ಗಂಟು ಹಾಕಿ ದಾರ ಕತ್ತರಿಸಿದಳು. ಇಬ್ಬರು ಹವ್ಯಾಸಿಗಳು ಬಂದು ರೆಕ್ಕೆಯನ್ನು ಎತ್ತಿ ಮಗುಚಿದರು. ಸದ್ದಿಲ್ಲ. ಇನ್ನೊಮ್ಮೆ ಮಗುಚಿದರು. ಈ ಸಲವೂ ಇಲ್ಲ.

"ಇಲಿ?" ಎಂದ ಬಾಲಚಂದ್ರ, ಮೆಲ್ಲಗೆ.

"ಇಲಿಗೂ ಹೊಟ್ಟಿ ಇರ್ತೈತ್ರಿ ಸರ್."

ಹಲೀನಾ ಕೋಟು ತೊಟ್ಟು ಗುಂಡಿ ಹಾಕಿಕೊಂಡಳು. ಅಷ್ಟು ದಿನ ಹಾಗೇ ಬಿಟ್ಟು ಹೋಗುತ್ತಿದ್ದ ಕುರ್ಚಿಯನ್ನು ಅಂದು ಮಡಿಚಿ ಗೋಡೆಗೊರಗಿಸಿದಳು.

"ಫೀಕಾ ಟೈಮ್, ಕಾಫಿ ಕುಡಿದು ಹೋಗಿ," ಎಂದು ಬಾಲಚಂದ್ರ ಸ್ವೀಡಿಷ್‌ನಲ್ಲಿ ಕರೆದ.

"ಬೇಡ. ಆಯಿತು. ಅವಳು ತಿಂದಳು," ಎಂದಳು. ವಿಮಾನದ ಕಡೆ ತಿರುಗಿ ನೋಡಲಿಲ್ಲ. ಬಾಗಿಲು ತೆರೆದಾಗ ಒಳಗೆ ನುಗ್ಗಿದ ಸಮುದ್ರದ ತಣ್ಣನೆಯ ಗಾಳಿಗೆ ರೆಕ್ಕೆಯ ಬಟ್ಟೆ ಒಮ್ಮೆ ಉಬ್ಬಿ ಇಳಿಯಿತು.

ಮುಂದಿನ ಶನಿವಾರ ಅವಳು ಕಾಣದಾಗ ಮಾಲತಿ ಗಾಬರಿಯಾಗಿ ಫೋನ್ ಮಾಡಿದಳು. ನಿದ್ದೆ ತುಂಬಿದ ದನಿ ಬಂತು: "ಗಂಟೆ ಹತ್ತಾ? ನಾನು ಇನ್ನೂ ಮಲಗಿದ್ದೇನೆ." ಮಾಲತಿಗೆ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. "ಮಲಗ್ರಿ, ಮಲಗ್ರಿ," ಎಂದು ಫೋನ್ ಇಟ್ಟು ಇನ್ನೊಂದು ರೆಕ್ಕೆಗೆ ದಾರ ಪೋಣಿಸಿದಳು. ಪ್ರದರ್ಶನದ ದಿನ ಬಾಲಚಂದ್ರ ಆ ಕುರ್ಚಿಯನ್ನು ಬಿಚ್ಚಿ ಮುಂದಿನ ಸಾಲಿನಲ್ಲಿ ಹಾಕಿ ಕಾದ. ಹಲೀನಾ ಆ ಶೆಡ್ಡಿಗೆ ಮತ್ತೆ ಬರಲೇ ಇಲ್ಲ.